ಎರಡು ಪುಟ ಬರೆದರೂ ವಿಷಯ ತಲುಪಲಿಲ್ಲ: ವ್ಯವಹಾರದ ಪತ್ರ, ವರದಿಗಳನ್ನು ಸ್ಪಷ್ಟವಾಗಿ ಬರೆಯುವುದು ಹೇಗೆ?

ಕಾಫಿಕಣ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಸಮೀಪದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಘಟಕ) ಕಚೇರಿಯಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬೆಳೆಗಾರರಿಗೆ ಹೋಗುವ ಕನ್ನಡ ಪತ್ರಗಳು, ಬೆಂಗಳೂರಿನ ಖರೀದಿದಾರರಿಗೆ ಹೋಗುವ ಇಮೇಲ್‌ಗಳು, ತಿಂಗಳಿಗೊಮ್ಮೆ ಮಾಲೀಕರ ಮೇಜಿಗೆ ಹೋಗುವ ದಾಸ್ತಾನು ವರದಿ, ಎಲ್ಲವೂ ನನ್ನ ಕೈಯಲ್ಲೇ ಸಿದ್ಧವಾಗುತ್ತವೆ. ನನ್ನ ಕನ್ನಡ ಚೆನ್ನಾಗಿದೆ ಎಂದೇ ಇಷ್ಟು ದಿನ ನಂಬಿಕೊಂಡಿದ್ದೆ. ಕಳೆದ ಹಂಗಾಮಿನಲ್ಲಿ ನಡೆದ ಒಂದು ಪ್ರಸಂಗ ಆ ನಂಬಿಕೆಯನ್ನು ಅಲುಗಾಡಿಸಿದೆ.

ಫೆಬ್ರವರಿ ಮೊದಲ ವಾರದಲ್ಲಿ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರಿಂದ 84 ಚೀಲ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ತಿರುಳು ತೆಗೆದು ಹೊಟ್ಟಿನೊಡನೆ ಒಣಗಿಸಿದ ಕಾಫಿ, ಬಂದಿತ್ತು. ಪಾರ್ಚ್‌ಮೆಂಟ್‌ನಲ್ಲಿ ತೇವಾಂಶ ಶೇಕಡಾ 10ರ ಮಟ್ಟದಲ್ಲಿರಬೇಕು; ಇದರಲ್ಲಿ 12.5 ಬಂತು. ಮತ್ತೆ ಒಣಗಿಸಬೇಕು, ಅದಕ್ಕೆ ಅವರ ಒಪ್ಪಿಗೆ ಬೇಕು, ಖರ್ಚು ಅವರದು, ತೂಕವೂ ಇಳಿಯುತ್ತದೆ. ಇಷ್ಟನ್ನು ತಿಳಿಸಲು ನಾನು ಎರಡು ಪುಟದ ಪತ್ರ ಬರೆದೆ. ಅವರು ಅದನ್ನು ಮಾಲು ತಲುಪಿದ್ದಕ್ಕೆ ಬರುವ ಮಾಮೂಲಿ ಪತ್ರವೆಂದು ತಿಳಿದು ಡ್ರಾಯರಿನಲ್ಲಿಟ್ಟರು. ನಾವು ಒಪ್ಪಿಗೆ ಬರಲೆಂದು ಕಾದೆವು. ಮೂರು ವಾರದ ಮೇಲೆ ಅವರೇ ಬಂದು, ಚೀಲ ಬಿಚ್ಚಿ ಒಂದು ಹಿಡಿ ಮೂಸಿ ನೋಡಿದರು. ಮುಗ್ಗಲು ವಾಸನೆ ಹಿಡಿದಿತ್ತು. ಆಮೇಲೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದು ಬೇಡ. ಅವರು ಹೋದ ಮೇಲೆ ಮಾಲೀಕರು ಪತ್ರದ ಪ್ರತಿಯನ್ನು ತರಿಸಿಕೊಂಡು ಓದಿ, "ಎರಡು ಪುಟ ಬರೆದಿದ್ದೀಯ, ಹೇಳಬೇಕಾದ್ದು ಎಲ್ಲಿದೆ?" ಎಂದು ಕೇಳಿದರು. ಅದು ಎರಡನೆಯ ಪುಟದ ಕೊನೆಯ ಸಾಲಿನಲ್ಲಿತ್ತು. ಆ ಸಾಲನ್ನು ಹೊಂದಿದ್ದ ವಾಕ್ಯ ಹೀಗಿದೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ತಾವು ನಮ್ಮ ಸಂಸ್ಥೆಗೆ ಕಳುಹಿಸಿಕೊಟ್ಟಿರುವ ಕಾಫಿಯನ್ನು ಪರಿಶೀಲಿಸಲಾಗಿ, ಸದರಿ ಕಾಫಿಯಲ್ಲಿ ತೇವಾಂಶವು ನಿಗದಿತ ಪ್ರಮಾಣಕ್ಕಿಂತ ಹೆಚ್ಚಾಗಿರುವುದು ಕಂಡುಬಂದಿದ್ದು, ಈ ಹಿನ್ನೆಲೆಯಲ್ಲಿ ಸೂಕ್ತ ಕ್ರಮ ಕೈಗೊಳ್ಳುವುದು ಅಗತ್ಯವಾಗಿರುವುದರಿಂದಲೂ, ಇದರಿಂದ ತೂಕದಲ್ಲಿ ವ್ಯತ್ಯಾಸವಾಗುವ ಸಂಭವವಿರುವುದರಿಂದಲೂ, ತಮ್ಮ ಒಪ್ಪಿಗೆಯನ್ನು ಆದಷ್ಟು ಬೇಗ ತಿಳಿಸಬೇಕಾಗಿ ವಿನಂತಿ."

ವ್ಯಾಕರಣದಲ್ಲಿ ತಪ್ಪಿದೆಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಹಾಗಿದ್ದರೆ ಎಡವಿದ್ದು ಎಲ್ಲಿ? ಇಂಥ ಪತ್ರವನ್ನು, ಹಾಗೆಯೇ ಹನ್ನೊಂದು ಪುಟಕ್ಕೆ ಬೆಳೆದಿರುವ ನನ್ನ ತಿಂಗಳ ವರದಿಯನ್ನು, ಜೋಡಿಸುವ ಕ್ರಮವೇನಾದರೂ ಇದೆಯೇ? ನೇರವಾಗಿ ವಿಷಯಕ್ಕೆ ಬಂದರೆ ಹಿರಿಯ ಬೆಳೆಗಾರರಿಗೆ ಒರಟಾಗಿ ಕಾಣುವುದಿಲ್ಲವೇ ಎಂಬ ಅಳುಕೂ ಇದೆ. ಬಲ್ಲವರು ತಿಳಿಸಿಕೊಡಬೇಕು.

ಕಡತದ ಧೂಳು, ಹಾಸನ

ನಾನು ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕನಾಗಿ ಸೇರಿ ಅಧೀಕ್ಷಕನಾಗಿ ನಿವೃತ್ತನಾದವನು. ನೀವು ಕೊಟ್ಟಿರುವ ವಾಕ್ಯವನ್ನು ಓದಿದಾಗ ಹಳೆಯ ಗೆಳೆಯನನ್ನು ಕಂಡಂತಾಯಿತು, ಏಕೆಂದರೆ ಇಂಥ ವಾಕ್ಯಗಳನ್ನು ನಾನೇ ಸಾವಿರಗಟ್ಟಲೆ ಬರೆದಿದ್ದೇನೆ ಮತ್ತು ಕಿರಿಯರಿಗೆ ಕಲಿಸಿಯೂ ಇದ್ದೇನೆ. ಆ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಆ ವಾಕ್ಯವನ್ನೇ ಬಿಚ್ಚಿ ನೋಡೋಣ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನೀವು ಓದುಗರಿಂದ ಬಯಸುವುದು ಕ್ರಿಯಾಪದದಲ್ಲಿದೆ: "ಒಪ್ಪಿಗೆ ತಿಳಿಸಬೇಕು". ಅದರ ಹಿಂದೆ "ಪರಿಶೀಲಿಸಲಾಗಿ", "ಕಂಡುಬಂದಿದ್ದು", "ಅಗತ್ಯವಾಗಿರುವುದರಿಂದಲೂ", "ಸಂಭವವಿರುವುದರಿಂದಲೂ" ಎಂದು ನಾಲ್ಕು ಬೋಗಿಗಳನ್ನು ಕಟ್ಟಿದ್ದೀರಿ. ಓದುವವರು ಈ ನಾಲ್ಕನ್ನೂ ತಲೆಯ ಮೇಲೆ ಹೊತ್ತುಕೊಂಡು ಕೊನೆಯ ಪದದವರೆಗೆ ನಡೆಯಬೇಕು. ನಮ್ಮ ಭಾಷೆ ಇಂಥ ಸರಪಳಿಯನ್ನು ಎಷ್ಟು ಉದ್ದ ಎಳೆದರೂ ತುಂಡಾಗಲು ಬಿಡುವುದಿಲ್ಲ. ವ್ಯಾಕರಣ ಸರಿಯಾಗಿದೆ ಎಂದು ನಿಮಗೆ ಅನ್ನಿಸುತ್ತಿರುವುದು ಅದರಿಂದಲೇ. ಕ್ರಿಯಾಪದವನ್ನು ವಾಕ್ಯದ ಮುಂದಕ್ಕೆ ತರುವುದು ಕನ್ನಡದ ಪತ್ರದಲ್ಲಿ ಸಹಜವಾಗಿ ಕಾಣದು. ಆದರೆ ಆ ಕೋರಿಕೆಯನ್ನೇ ಒಂದು ಚಿಕ್ಕ ವಾಕ್ಯ ಮಾಡಿ ಪತ್ರದ ಮುಂದಕ್ಕೆ ತರಬಹುದು. ಕಾರಣಗಳು ಅದರ ಹಿಂದೆ ಒಂದೊಂದಾಗಿ ಬರಲಿ.

ಎರಡನೆಯದು ಮಾಡಿದವರು ಯಾರೆಂದು ಹೇಳದ "ಲಾಗಿ", "ಲಾಗಿದೆ" ಎಂಬ ಪ್ರಯೋಗ. "ಪರಿಶೀಲಿಸಲಾಗಿ" ಎಂದರೆ ಪರಿಶೀಲಿಸಿದವರು ಯಾರು? "ಸೂಕ್ತ ಕ್ರಮ ಕೈಗೊಳ್ಳುವುದು" ಎಂದರೆ ಕೈಗೊಳ್ಳುವವರು ನೀವೋ ಅವರೋ? ಸರ್ಕಾರಿ ಕಚೇರಿಯಲ್ಲಿ ಈ ಪ್ರಯೋಗಕ್ಕೆ ಒಂದು ಉಪಯೋಗವಿತ್ತು, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದರೆ ಯಾರ ಹೆಸರೂ ಕಾಗದದಲ್ಲಿರುತ್ತಿರಲಿಲ್ಲ. ನಿಮ್ಮ ವ್ಯವಹಾರಕ್ಕೆ ಈ ಮರೆ ಬೇಕಿಲ್ಲ. "ನಮ್ಮ ಪ್ರಯೋಗಾಲಯದಲ್ಲಿ ಫೆಬ್ರವರಿ 6ರಂದು ಪರೀಕ್ಷಿಸಿದೆವು" ಎಂದು ಬರೆದರೆ ಯಾರು, ಎಲ್ಲಿ, ಯಾವಾಗ ಎಂಬ ಮೂರೂ ಒಂದೇ ಸಾಲಿನಲ್ಲಿ ಮುಗಿಯುತ್ತವೆ.

ಮೂರನೆಯದು ಅಳತೆಯಿಲ್ಲದ ಪದಗಳು. "ನಿಗದಿತ ಪ್ರಮಾಣಕ್ಕಿಂತ ಹೆಚ್ಚು" ಎಂದಿರಿ. ಎಷ್ಟು ಹೆಚ್ಚು? "ತೂಕದಲ್ಲಿ ವ್ಯತ್ಯಾಸವಾಗುವ ಸಂಭವ" ಎಂದಿರಿ. ಇದು ಸಂಭವವಲ್ಲ, ಲೆಕ್ಕ. 84 ಚೀಲಕ್ಕೆ 50 ಕಿಲೋ ಎಂದಿಟ್ಟುಕೊಂಡರೆ 4,200 ಕಿಲೋ. ಅದರಲ್ಲಿ ಶೇಕಡಾ 12.5 ನೀರು ಹೋದರೆ ಒಣ ಅಂಶ 3,675 ಕಿಲೋ. ತೇವಾಂಶ ಶೇಕಡಾ 10ಕ್ಕೆ ಇಳಿದಾಗ ಒಟ್ಟು ತೂಕ ಸುಮಾರು 4,083 ಕಿಲೋ ಆಗುತ್ತದೆ. ಅಂದರೆ 117 ಕಿಲೋ ಇಳಿಯುತ್ತದೆ. "117 ಕಿಲೋ" ಎಂದು ಬರೆದಿದ್ದರೆ ಯಾವ ಬೆಳೆಗಾರರೂ ಆ ಪತ್ರವನ್ನು ಡ್ರಾಯರಿಗೆ ಹಾಕುತ್ತಿರಲಿಲ್ಲ, ಅಂದೇ ಫೋನು ಮಾಡುತ್ತಿದ್ದರು. "ಆದಷ್ಟು ಬೇಗ" ಎಂಬುದರ ಗತಿಯೂ ಅಷ್ಟೇ. ತೋಟದ ಕೆಲಸದ ನಡುವೆ ಇರುವವರಿಗೆ ಅದು ಕುಯಿಲು ಮುಗಿದ ಮೇಲೆ ಎಂದೂ ಆಗಬಹುದು.

ಇನ್ನು ಜೋಡಣೆ. ಸರ್ಕಾರಿ ಬರವಣಿಗೆಯಲ್ಲಿ ಬಿಡಬೇಕಾದ್ದು ಬಹಳ ಇದ್ದರೂ, ಉಳಿಸಿಕೊಳ್ಳಬೇಕಾದ ಎರಡು ಅಭ್ಯಾಸಗಳಿವೆ. ಒಂದು, "ವಿಷಯ" ಮತ್ತು "ಉಲ್ಲೇಖ" ಎಂಬ ಸಾಲುಗಳು. ವಿಷಯದ ಸಾಲಿನಲ್ಲಿ "ಕಾಫಿ ತೇವಾಂಶದ ಬಗ್ಗೆ" ಎಂದು ಬರೆಯುವುದು ಬಾಗಿಲಿಗೆ "ಬಾಗಿಲು" ಎಂದು ಫಲಕ ಹಾಕಿದಂತೆ. "84 ಚೀಲ ಪಾರ್ಚ್‌ಮೆಂಟ್ ಮತ್ತೆ ಒಣಗಿಸಲು ಫೆಬ್ರವರಿ 20ರೊಳಗೆ ತಮ್ಮ ಒಪ್ಪಿಗೆ ಕೋರಿ" ಎಂದು ಬರೆದರೆ, ಉಳಿದ ಪತ್ರವನ್ನು ಓದದವರಿಗೂ ಕೆಲಸ ತಿಳಿಯುತ್ತದೆ. ಎರಡು, ಕಂಡಿಕೆಗಳಿಗೆ, ಅಂದರೆ ಪ್ಯಾರಾಗಳಿಗೆ, ಸಂಖ್ಯೆ ಕೊಡುವುದು. ಕಡತದ ಟಿಪ್ಪಣಿಯಲ್ಲಿ ಕಂಡಿಕೆಗಳಿಗೆ ಸಂಖ್ಯೆ ಇರುತ್ತಿದ್ದುದರಿಂದಲೇ ಮೇಲಧಿಕಾರಿಗಳು "ಕಂಡಿಕೆ 14ರಂತೆ ಅನುಮೋದಿಸಿದೆ" ಎಂದು ಒಂದು ಸಾಲಿನ ಷರಾ ಬರೆದು ಕಡತವನ್ನು ಕೆಳಗಿಳಿಸಲು ಸಾಧ್ಯವಾಗುತ್ತಿತ್ತು. ಉದ್ದದ ವರದಿಗೆ ಇದು ಈಗಲೂ ಒಳ್ಳೆಯದು. ಒಂದು ಪುಟದ ಪತ್ರಕ್ಕೆ ಬೇಕಾಗಿಲ್ಲ.

ಬರೆಯಲು ಕೂರುವ ಮೊದಲು ಒಂದು ಹಳೆಯ ಲಕೋಟೆಯ ಹಿಂಭಾಗದಲ್ಲಿ ಓದುವವರು ಯಾರು, ಓದಿ ಅವರು ಏನು ಮಾಡಬೇಕು, ಯಾವ ದಿನದೊಳಗೆ ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಎರಡು ಪುಟದ ಪತ್ರ, ಊಹಿಸಿ ಹೇಳುತ್ತೇನೆ, ಕಾಫಿ ಬಂದ ದಿನದಿಂದ ಆರಂಭವಾಗಿ, ತೂಕ ಮಾಡಿದ್ದು, ಮಾದರಿ ತೆಗೆದದ್ದು, ಪರೀಕ್ಷೆ ಮಾಡಿದ್ದು ಎಂದು ನಡೆದ ಕ್ರಮದಲ್ಲೇ ಸಾಗಿರಬೇಕು. ಅದು ನಿಮ್ಮ ದಿನಚರಿಯ ಕ್ರಮ. ಅವರಿಗೆ ಏಳುವ ಪ್ರಶ್ನೆಗಳ ಕ್ರಮ ಬೇರೆ: ನನ್ನಿಂದ ಏನು ಬೇಕು, ಏಕೆ ಬೇಕು, ನನಗೆ ಎಷ್ಟು ಖರ್ಚು, ಒಪ್ಪದಿದ್ದರೆ ಏನಾಗುತ್ತದೆ?

ತೋಟದಮನೆ, ಮೂಡಿಗೆರೆ

ನಾನು ಇಂಥ ಪತ್ರಗಳನ್ನು ಬರೆಯುವವಳಲ್ಲ, ಪಡೆಯುವವಳು. ಹಿರಿಯರು ಹೇಳಿದ್ದರ ಜೊತೆಗೆ ಒಂದು ಸಂಗತಿ ನಿಮ್ಮ ಗಮನದಲ್ಲಿರಲಿ. ನಮ್ಮ ಮನೆಯಲ್ಲಿ ಪತ್ರವನ್ನು ಮೊದಲು ತೆರೆಯುವವರು ತೋಟದ ರೈಟರು, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತರು. ನಮ್ಮ ಯಜಮಾನರು ಕಣದಲ್ಲೋ ತೋಟದ ಮೇಲ್ಭಾಗದಲ್ಲೋ ಇರುತ್ತಾರೆ, ರೈಟರು ಫೋನಿನಲ್ಲಿ ಓದಿ ಹೇಳುತ್ತಾರೆ, ಅಲ್ಲಿ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ನೀವು ಬರೆದ ಆ ವಾಕ್ಯವನ್ನು ನಮ್ಮ ರೈಟರು ಓದಲು ಆರಂಭಿಸಿದ್ದರೆ "ಕಂಡುಬಂದಿದ್ದು" ಎನ್ನುವಷ್ಟರಲ್ಲಿ ಯಜಮಾನರು "ಸರಿ, ಇಡಿ, ಸಂಜೆ ನೋಡುತ್ತೇನೆ" ಎಂದಿರುತ್ತಿದ್ದರು. ಫೋನಿನಲ್ಲಿ ಒಬ್ಬರು ಓದಿ ಮತ್ತೊಬ್ಬರು ಕೇಳಿದರೂ ಅರ್ಥವಾಗುವ ಹಾಗೆ ಬರೆಯಿರಿ.

ಪದಗಳ ಗೊಂದಲವನ್ನೂ ದಯವಿಟ್ಟು ಬಿಡಿಸಿ. "ಚೀಲ" ಎಂದು ಬರೆಯುತ್ತೀರಿ. ನಮಗೆ ಬೆಲೆ ಹೇಳುವ ಚೀಲ 50 ಕಿಲೋ, ರಫ್ತು ಮಾಡುವವರ ಚೀಲ 60 ಕಿಲೋ. ನೂರು ಚೀಲಕ್ಕೆ ಒಂದು ಟನ್ ವ್ಯತ್ಯಾಸ. ಇನ್ನು ರೊಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ವಿಷಯಕ್ಕೆ ಬಂದರೆ, ಬೆಲೆ ನಿಲ್ಲುವುದೇ ಔಟ್‌ಟರ್ನ್ ಮೇಲೆ, ಅಂದರೆ 50 ಕಿಲೋ ಚೆರಿಯಿಂದ ಎಷ್ಟು ಕಿಲೋ ಬೇಳೆ ಬರುತ್ತದೆ ಎಂಬುದರ ಮೇಲೆ. ಒಂದು ಪಾಯಿಂಟಿಗೆ, ಅಂದರೆ ಹಾಗೆ ಬಂದ ಒಂದು ಕಿಲೋ ಬೇಳೆಗೆ, 400 ರೂಪಾಯಿ ಎಂದಿಟ್ಟುಕೊಂಡರೆ, 26 ಬಂದರೆ ಚೀಲಕ್ಕೆ 10,400, 28 ಬಂದರೆ 11,200. ಪತ್ರದಲ್ಲಿ "ಔಟ್‌ಟರ್ನ್ ಆಧಾರದ ಮೇಲೆ ಪಾವತಿಸಲಾಗುವುದು" ಎಂದಿರುತ್ತದೆ. ಮಾದರಿ ತೆಗೆದು ನೋಡಿದ ಔಟ್‌ಟರ್ನೋ, ಪೂರ್ತಿ ಮಾಲು ಮಿಲ್ಲಿಗೆ ಹಾಕಿದ ಮೇಲೆ ಬಂದದ್ದೋ? ಈ ಒಂದು ಮಾತು ಬರೆಯದ ಕಾರಣಕ್ಕೆ ನಮ್ಮ ಮನೆಯವರು ಒಮ್ಮೆ ಒಬ್ಬ ವ್ಯಾಪಾರಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು. ಅವರು ಮೋಸಗಾರರೇನಲ್ಲ, ಇಬ್ಬರೂ ತಮಗೆ ಬೇಕಾದ ಅರ್ಥವನ್ನೇ ಮಾಡಿಕೊಂಡಿದ್ದರು, ಅಷ್ಟೆ.

ಒರಟಾಗಿ ಕಾಣುತ್ತದೆ ಎಂಬ ಭಯ ಬಿಡಿ. ಮುಖ ಕೊಟ್ಟು ಮಾತನಾಡಿಸಿದವರನ್ನು ಒರಟು ಎನ್ನುವವರು ನಮ್ಮ ಕಡೆ ಕಡಿಮೆ.

ಲೆಕ್ಕದ ಪುಸ್ತಕ, ಸಕಲೇಶಪುರ

ಮೇಡಂ ಅವರ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಯಸ್ಸಾದ ಬೆಳೆಗಾರರಿಗೆ "ಮಾನ್ಯರೇ, ನಮಸ್ಕಾರ" ಎಂಬುದೂ ಇಲ್ಲದೆ ಬಾಕಿಯ ಪತ್ರ ಕಳುಹಿಸಿ, ಅವರು ನಮ್ಮ ಕಚೇರಿಗೇ ಬಂದು ಕಾಗದವನ್ನು ಮೇಜಿನ ಮೇಲಿಟ್ಟು ಹೋದದ್ದನ್ನು ನಾನು ಕಂಡಿದ್ದೇನೆ. ಒಂದು ಸಾಲಿನ ಮರ್ಯಾದೆ ಬೇಕೇಬೇಕು. ಅದು ಒಂದು ಸಾಲಾಗಿರಲಿ, ಒಂದು ಕಂಡಿಕೆಯಾಗುವುದು ಬೇಡ ಎಂಬಷ್ಟು ಮಾತ್ರ ನನ್ನ ಅಭಿಪ್ರಾಯ.

ನಾನು ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿದ್ದೇನೆ. ಜಗಳ ಹುಟ್ಟಿದ ಮೇಲೆಯೇ ಕಾಗದಗಳು ನಮ್ಮ ಮೇಜಿಗೆ ಬರುವುದರಿಂದ, ಏನು ಬರೆಯದೆ ಬಿಟ್ಟಿದ್ದರು ಎಂಬುದೇ ನಮಗೆ ಮೊದಲು ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ದಿನಾಂಕ. "ಈ ವರ್ಷದ ಬಾಕಿ" ಎಂದು ಬರೆಯುತ್ತಾರೆ. ಕಾಫಿಯವರ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್‌ವರೆಗೆ, ಆದಾಯ ತೆರಿಗೆಯ ವರ್ಷ ಏಪ್ರಿಲಿನಿಂದ ಮಾರ್ಚ್‌ವರೆಗೆ. "2024-25" ಎಂದು ಬರೆದರೆ ಬೆಳೆಗಾರರು ಒಂದು ಹಂಗಾಮನ್ನು ನೆನೆಯುತ್ತಾರೆ, ನಾವು ಇನ್ನೊಂದು ಲೆಕ್ಕದ ಪುಸ್ತಕವನ್ನು ತೆರೆಯುತ್ತೇವೆ. "1-4-2024ರಿಂದ 31-3-2025ರವರೆಗೆ" ಎಂದು ಬರೆಯಲು ಎಷ್ಟು ಶಾಯಿ ಬೇಕು? ಬಿಲ್ಲಿನ ಸಂಖ್ಯೆಯನ್ನೂ ಬಿಲ್ಲಿನಲ್ಲಿರುವಂತೆಯೇ ಪೂರ್ತಿ ಬರೆಯಿರಿ. ಜಿಎಸ್‌ಟಿ ನಿಯಮದಂತೆ ಆ ಸಂಖ್ಯೆ 16 ಅಕ್ಷರಗಳನ್ನು ಮೀರುವಂತಿಲ್ಲ ಮತ್ತು ಒಂದು ಆರ್ಥಿಕ ವರ್ಷದಲ್ಲಿ ಎರಡು ಸಲ ಬರುವಂತಿಲ್ಲ, ಹಾಗಾಗಿ ಹುಡುಕಲು ಅದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ. "ಮೊನ್ನೆಯ ಬಿಲ್ಲು" ಎಂದು ಬರೆದ ಪತ್ರವನ್ನೂ ನಾನು ನೋಡಿದ್ದೇನೆ.

ಇನ್ನೊಂದು ವಿಷಯ ನಿಮ್ಮ ಕ್ಯೂರಿಂಗ್ ಶುಲ್ಕದ ವಸೂಲಿಗೆ ನೇರವಾಗಿ ಸಂಬಂಧಿಸಿದ್ದು. ನಿಮ್ಮ ಘಟಕ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇಡಿ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆ ನಿಮ್ಮ ಬೆನ್ನಿಗಿದೆ. ಪಾವತಿಯ ಅವಧಿಯನ್ನು ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದರೆ ಆ ಅವಧಿ, ಅದೂ 45 ದಿನ ಮೀರದಂತೆ. ಬರವಣಿಗೆಯಲ್ಲಿ ಏನೂ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಂತೆ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಈ ದಿನಗಳ ಎಣಿಕೆ ಮಾಲು ಅಥವಾ ಸೇವೆ ತಲುಪಿದ ದಿನದಿಂದ ಆರಂಭವಾಗುತ್ತದೆ. ಆದರೆ ಪಡೆದವರು 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸಿದರೆ, ಅದು ಪರಿಹಾರವಾದ ದಿನದಿಂದ ಎಣಿಕೆ. ನೋಡಿ, ಇಡೀ ಲೆಕ್ಕವೇ ಯಾರು ಯಾವ ದಿನ ಏನು ಬರೆದರು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಫೋನಿನಲ್ಲಿ ಮಾತು ಮುಗಿದ ಕೂಡಲೇ "ಇಂದು ಬೆಳಿಗ್ಗೆ ಮಾತನಾಡಿದಂತೆ, ತಾವು 30 ದಿನದೊಳಗೆ ಪಾವತಿಸಲು ಒಪ್ಪಿರುತ್ತೀರಿ" ಎಂದು ಒಂದು ಇಮೇಲ್ ಹಾಕಿ, ಅದಕ್ಕೆ ಅವರಿಂದ "ಹೌದು" ಎಂಬ ಒಂದು ಉತ್ತರವನ್ನೂ ಪಡೆಯಿರಿ. ಅದು ಇಡೀ ಹಂಗಾಮಿನಲ್ಲಿ ನೀವು ಬರೆಯುವ ಅತ್ಯಂತ ಚಿಕ್ಕ, ಅತ್ಯಂತ ಬೆಲೆಬಾಳುವ ಕಾಗದವಾಗಬಹುದು.

ಅಚ್ಚುಮೊಳೆ, ಅರಸೀಕೆರೆ

ಡಿಟಿಪಿ ಅಂಗಡಿಯವನ ಒಂದು ಮಾತು. ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೆಯೇ ಇಮೇಲ್ ಮಾಡಬೇಡಿ. ಅವು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು, ಆ ಅಕ್ಷರವಿನ್ಯಾಸ ಇಲ್ಲದ ಫೋನಿನಲ್ಲಿ ಪತ್ರ ಪೂರ್ತಿ ಗೋಜಲಾಗಿ ಕಾಣುತ್ತದೆ. ಮೊನ್ನೆ ಒಬ್ಬರು ತಮಗೆ ಬಂದ ಟೆಂಡರ್ ಪತ್ರವನ್ನು "ಇದು ಯಾವ ಭಾಷೆ?" ಎಂದು ಕೇಳಿಕೊಂಡು ಬಂದಿದ್ದರು, ಅದು ಅಚ್ಚ ಕನ್ನಡ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಕಳುಹಿಸಿ. ಯೂನಿಕೋಡ್ ಆದರೆ ಮುಂದಿನ ವರ್ಷ ಒಂದು ಹೆಸರನ್ನು ಹುಡುಕಿದರೂ ಸಿಗುತ್ತದೆ. ಕಡತಕ್ಕೆ "ಹೊಸ ಪತ್ರ ಕೊನೆಯದು 2" ಎಂದು ಹೆಸರಿಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ದಿನಾಂಕ ಮತ್ತು ಬೆಳೆಗಾರರ ಖಾತೆ ಸಂಖ್ಯೆ ಸಾಕು.

ಕಾಫಿಕಣ, ಚಿಕ್ಕಮಗಳೂರು

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರು ಊಹಿಸಿದ್ದು ಸರಿ, ನನ್ನ ಪತ್ರ ಲಾರಿ ಗೇಟಿನೊಳಗೆ ಬಂದ ಹೊತ್ತಿನಿಂದಲೇ ಆರಂಭವಾಗಿತ್ತು. ನಿನ್ನೆ ರಾತ್ರಿ ಅದನ್ನು ಮತ್ತೆ ಬರೆದು ನೋಡಿದೆ. ಖರ್ಚಿನ ದರ ಉದಾಹರಣೆಗೆ ಮಾತ್ರ.

"ವಿಷಯ: ತಮ್ಮ 84 ಚೀಲ ಅರೇಬಿಕಾ ಪಾರ್ಚ್‌ಮೆಂಟ್ ಮತ್ತೆ ಒಣಗಿಸಲು ಫೆಬ್ರವರಿ 20ರೊಳಗೆ ತಮ್ಮ ಒಪ್ಪಿಗೆ ಕೋರಿ.

ಮಾನ್ಯರೇ, ನಮಸ್ಕಾರಗಳು. ಫೆಬ್ರವರಿ 4ರಂದು ತಾವು ಕಳುಹಿಸಿದ 84 ಚೀಲ, ಒಟ್ಟು 4,200 ಕಿಲೋ ಪಾರ್ಚ್‌ಮೆಂಟ್ ಕಾಫಿಯನ್ನು ಮತ್ತೆ ಒಣಗಿಸಬೇಕಾಗಿದೆ. ಇದಕ್ಕೆ ತಮ್ಮ ಒಪ್ಪಿಗೆಯನ್ನು ಫೆಬ್ರವರಿ 20ರೊಳಗೆ ತಿಳಿಸಬೇಕೆಂದು ಕೋರುತ್ತೇವೆ.

ಫೆಬ್ರವರಿ 6ರಂದು ನಾವು ಪರೀಕ್ಷಿಸಿದಾಗ ತೇವಾಂಶ ಶೇಕಡಾ 12.5 ಇತ್ತು. ಇರಬೇಕಾದ್ದು ಶೇಕಡಾ 10. ಹೀಗೆಯೇ ದಾಸ್ತಾನಿನಲ್ಲಿಟ್ಟರೆ ಕಾಳಿನ ಬಣ್ಣ ಕೆಡುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಒಣಗಿಸಿದ ಮೇಲೆ ತೂಕ ಸುಮಾರು 117 ಕಿಲೋ ಇಳಿಯುತ್ತದೆ. ಒಣಗಿಸುವ ಖರ್ಚು ಚೀಲಕ್ಕೆ 60 ರೂಪಾಯಿಯಂತೆ 5,040 ರೂಪಾಯಿ, ಇದು ತಮ್ಮ ಖಾತೆಗೆ ಸೇರುತ್ತದೆ.

ತಾವೇ ಒಣಗಿಸಿಕೊಳ್ಳುವುದಾದರೆ ಚೀಲಗಳನ್ನು ಫೆಬ್ರವರಿ 20ರೊಳಗೆ ವಾಪಸು ಒಯ್ಯಬಹುದು."

ಹೀಗೆ ಬರೆದ ಮೇಲೆ ಅರ್ಧ ಪುಟಕ್ಕೆ ಮುಗಿಯಿತು. ಉಳಿದ ಒಂದೂವರೆ ಪುಟದಲ್ಲಿ ನಾನು ಏನು ಬರೆದಿದ್ದೆ ಎಂದು ಈಗ ನನಗೇ ಆಶ್ಚರ್ಯವಾಗುತ್ತಿದೆ. ಇದರಲ್ಲಿ ಕೊರತೆಯಿದ್ದರೆ ತಿಳಿಸಿ. ತಿಂಗಳ ವರದಿಯ ಬಗ್ಗೆಯೂ ಒಂದು ಮಾತು ಹೇಳಿ. ಹನ್ನೊಂದು ಪುಟ, ಅದರಲ್ಲಿ ಏಳು ಪುಟ ಅಂಕಿಗಳ ಪಟ್ಟಿ. ಮಾಲೀಕರು ಅದನ್ನು ಗಾರ್ಬ್ಲಿಂಗ್ ಶೆಡ್ಡಿನ (ಕೆಟ್ಟ ಕಾಳು ಆರಿಸುವ ಜಾಗ) ಬಾಗಿಲಲ್ಲಿ ನಿಂತು ಫೋನಿನಲ್ಲಿ ಓದುತ್ತಾರೆ, ಆಮೇಲೆ ನನ್ನನ್ನು ಕರೆದು ಬಾಯಿಮಾತಿನಲ್ಲಿ ಕೇಳುತ್ತಾರೆ.

ಕಡತದ ಧೂಳು, ಹಾಸನ

ಪತ್ರ ಚೆನ್ನಾಗಿದೆ. ಒಂದೇ ಕೊರತೆ: 20ನೆಯ ತಾರೀಖಿನವರೆಗೆ ಉತ್ತರ ಬಾರದಿದ್ದರೆ ನೀವು ಏನು ಮಾಡುತ್ತೀರಿ ಎಂಬುದು ಇಲ್ಲ. ಕಳೆದ ಸಲ ನಿಮ್ಮನ್ನು ಮುಳುಗಿಸಿದ್ದು ಆ ಮೌನವೇ, ಅದನ್ನು ಈಗಲೂ ಹಾಗೆಯೇ ಉಳಿಸಿಕೊಂಡಿದ್ದೀರಿ. ಉತ್ತರ ಬಾರದಿದ್ದರೆ ಒಣಗಿಸುತ್ತೀರೋ, ಬೇರೆಯಾಗಿ ಇಟ್ಟು ಜವಾಬ್ದಾರಿ ಅವರದೆನ್ನುತ್ತೀರೋ, ಅದನ್ನು ಮಾಲೀಕರು ತೀರ್ಮಾನಿಸಬೇಕು. ಅದು ಭಾಷೆಯ ಪ್ರಶ್ನೆಯಲ್ಲ. ನನ್ನ ಅನುಭವದಲ್ಲಿ ಕಾಗದ ಮಸುಕಾಗಿ ಬರುವುದು ಬರೆಯುವವನಿಗೆ ಪದ ಸಿಗದೆ ಅಲ್ಲ, ಮೇಲಿನವರು ತೀರ್ಮಾನವನ್ನೇ ಮಾಡದೆ "ಒಂದು ಪತ್ರ ಹಾಕಿ" ಎಂದುಬಿಟ್ಟಿರುತ್ತಾರೆ. ಆಗ ಗುಮಾಸ್ತ "ಸೂಕ್ತ ಕ್ರಮ" ಎಂದು ಬರೆಯದೆ ಇನ್ನೇನು ಬರೆದಾನು? ಮುಂದೆ ನಿಮ್ಮ ಲೇಖನಿಗೆ ಆ ಎರಡು ಪದ ಬಂದಾಗಲೆಲ್ಲ ಎದ್ದು ಹೋಗಿ, ಕ್ರಮ ಯಾವುದೆಂದು ಮಾಲೀಕರನ್ನು ಕೇಳಿಕೊಂಡು ಬನ್ನಿ.

ವರದಿಯ ವಿಷಯಕ್ಕೆ ಬಂದರೆ, ಉತ್ತರವನ್ನು ನೀವೇ ಬರೆದಿದ್ದೀರಿ. ಮಾಲೀಕರು ಬಾಯಿಮಾತಿನಲ್ಲಿ ಏನು ಕೇಳುತ್ತಾರೆ? ಮೂರು ತಿಂಗಳು ಅವರ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಎಷ್ಟು ಮಾಲು ಕೈಯಲ್ಲಿದೆ, ಎಷ್ಟು ಹಣ ಹೊರಗಿದೆ ಮತ್ತು ಯಾರಲ್ಲಿ ನಿಂತಿದೆ, ಈ ವಾರ ತಲೆನೋವು ಯಾವುದು ಎಂಬವನ್ನು ಬಿಟ್ಟು ಬೇರೆ ಬಂದರೆ ನನಗೆ ಆಶ್ಚರ್ಯವಾಗುತ್ತದೆ. ಆ ಉತ್ತರಗಳೇ ಮೊದಲ ಪುಟ, ಅದೂ ಫೋನಿನ ಒಂದು ಪರದೆಗೆ ಹಿಡಿಸುವಷ್ಟು. ಏಳು ಪುಟದ ತಃಖ್ತೆಗಳು ಅನುಬಂಧಕ್ಕೆ ಹೋಗಲಿ. ಅವನ್ನು ಕಿತ್ತುಹಾಕಬೇಡಿ, ಜಗಳದ ದಿನ ಬೇಕಾಗುತ್ತವೆ. ಪ್ರತಿ ತಃಖ್ತೆಯ ತಲೆಯ ಮೇಲೆ "ದಾಸ್ತಾನು ವಿವರ" ಎಂದಷ್ಟೇ ಬರೆಯದೆ, ಅದರಲ್ಲಿ ಕಾಣಬೇಕಾದ್ದನ್ನೇ ಒಂದು ಸಾಲಿನಲ್ಲಿ ಬರೆಯಿರಿ: "ರೊಬಸ್ಟಾ ಚೆರಿಯ ದಾಸ್ತಾನು ಕಳೆದ ತಿಂಗಳಿಗಿಂತ 310 ಚೀಲ ಹೆಚ್ಚಿದೆ" ಎಂಬಂತೆ. ಕಿಲೋ, ಚೀಲ, ಟನ್ ಮೂರನ್ನೂ ಒಂದೇ ಕಲಮಿನಲ್ಲಿ ಬೆರೆಸಬೇಡಿ. ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಿರಿ.

ಲೆಕ್ಕದ ಪುಸ್ತಕ, ಸಕಲೇಶಪುರ

ಹಿರಿಯರ ಮಾತಿಗೆ ಒಂದು ಸೇರ್ಪಡೆ. "ಎಷ್ಟು ಹಣ ಹೊರಗಿದೆ" ಎಂಬ ಸಾಲಿನಲ್ಲಿ ಒಟ್ಟು ಮೊತ್ತದ ಪಕ್ಕದಲ್ಲೇ 45 ದಿನ ದಾಟಿದ್ದು ಎಷ್ಟು ಎಂದು ಬೇರೆ ಬರೆಯಿರಿ. ಒಟ್ಟು ಮೊತ್ತವನ್ನು ನೋಡಿ ಮಾಲೀಕರು ನಿಟ್ಟುಸಿರು ಬಿಡುತ್ತಾರೆ, ದಿನ ದಾಟಿದ ಮೊತ್ತವನ್ನು ನೋಡಿದರೆ ಫೋನು ಎತ್ತುತ್ತಾರೆ. ಲಕ್ಷ, ಕೋಟಿಗಳ ಅಲ್ಪವಿರಾಮವನ್ನೂ ಗಮನಿಸಿ: ಬೆಂಗಳೂರಿನ ರಫ್ತುದಾರರು ಕಳುಹಿಸುವ ಪಟ್ಟಿಯಲ್ಲಿ 1,250,000 ಎಂದಿರುತ್ತದೆ, ನಮ್ಮಲ್ಲಿ ಅದೇ 12,50,000. ಎರಡನ್ನೂ ಒಂದೇ ವರದಿಗೆ ಅಂಟಿಸಿದರೆ ಅವಸರದಲ್ಲಿ ಓದುವವರ ಕಣ್ಣು ತಪ್ಪುತ್ತದೆ.

ತೋಟದಮನೆ, ಮೂಡಿಗೆರೆ

ನಿಮ್ಮ ಹೊಸ ಪತ್ರವನ್ನು ನಮ್ಮ ರೈಟರಿಗೆ ಕೊಟ್ಟು ಫೋನಿನಲ್ಲಿ ಯಜಮಾನರಿಗೆ ಓದಿಸಿದೆ. ನಮ್ಮದಲ್ಲ, ಬೇರೆಯವರ ಪತ್ರ ಎಂದು ಹೇಳಿರಲಿಲ್ಲ. "117 ಕಿಲೋ" ಎಂದೊಡನೆ ಆ ಕಡೆಯಿಂದ "ಯಾವ ಲಾಟು ಅದು, ಚೆನ್ನಾಗಿ ಒಣಗಿಸಿಯೇ ಕಳಿಸಿದ್ದೆವಲ್ಲ?" ಎಂದು ಕೂಗಿದರು. ಸಮಾಧಾನ ಮಾಡಲು ಕಾಲು ಗಂಟೆ ಹಿಡಿಯಿತು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಿಮ್ಮ ಪತ್ರದಲ್ಲಿ ಉತ್ತರವಿಲ್ಲ: ಒಪ್ಪಿಗೆ ತಿಳಿಸುವುದು ಯಾರಿಗೆ, ಹೇಗೆ? ವಾಟ್ಸಾಪಿನಲ್ಲಿ "ಸರಿ" ಎಂದರೆ ಸಾಕೋ, ಸಹಿ ಮಾಡಿದ ಕಾಗದ ಬೇಕೋ? ಕಾಗದವೇ ಬೇಕಾದರೆ ಪತ್ರದ ಕೆಳಗೆ ಒಂದು ಗೆರೆ ಎಳೆದು, "ಒಣಗಿಸಿರಿ" ಮತ್ತು "ವಾಪಸು ಒಯ್ಯುತ್ತೇನೆ" ಎಂದು ಎರಡು ಚೌಕ ಹಾಕಿ, ಸಹಿಗೆ ಜಾಗ ಬಿಡಿ. ರೈಟರು ಪೇಟೆಗೆ ಬರುವಾಗ ಹರಿದು ತಂದು ಕೊಡುತ್ತಾರೆ. ಭಾನುವಾರ ನಿಮ್ಮ ಗೇಟು ತೆರೆದಿರುತ್ತದೆಯೇ ಎಂಬುದನ್ನೂ ಬರೆಯಿರಿ, ನಮ್ಮ ಜೀಪು ಚಿಕ್ಕಮಗಳೂರಿಗೆ ಬರುವುದು ಹೆಚ್ಚಾಗಿ ಅಂದೇ.